ಸಬಾರ್ ಶುರುವಾದ ಕೂಡಲೇ ‘ಒಂದು’ ಎಲ್ಲಿ ಕಳೆದುಹೋಗುತ್ತದೆ?

ಪ್ರಶ್ನೆ: ನಾನು ಮೈಸೂರಿನವಳು, ಈಗ ನ್ಯೂಜೆರ್ಸಿಯಲ್ಲಿದ್ದೇನೆ. ಚಿಕ್ಕವಳಿದ್ದಾಗ ಆರು ವರ್ಷ ಮೃದಂಗ ಕಲಿತಿದ್ದೆ. ಈಗ ಏಳು ಜನರ ಸೋಲ್-ಫಂಕ್ ಬ್ಯಾಂಡ್‌ನಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ಮೂರು ತಿಂಗಳ ಹಿಂದೆ ಹಾರ್ಲೆಮ್‌ನ 116ನೇ ಬೀದಿ ಕಡೆಯ ಮೂವರು ಸೆನೆಗಲ್ ಕಲಾವಿದರು ನಮ್ಮ ಜೊತೆ ಸೇರಿದರು. ಇಬ್ಬರು ಸಬಾರ್ ಎಂಬ ಡೋಲು ನುಡಿಸುತ್ತಾರೆ, ಒಬ್ಬರು ಕಂಕುಳಲ್ಲಿ ಒತ್ತಿ ನುಡಿಸುವ ತಮಾ. ಅವರು ಶುರು ಮಾಡಿದ ನಾಲ್ಕನೇ ಆವರ್ತಕ್ಕೇ ನಮಗೆಲ್ಲ ಸಮ (ತಾಳದ ಮೊದಲ ಎಣಿಕೆ, ‘ಒಂದು’) ತಪ್ಪುತ್ತದೆ. ನಮ್ಮ ಡ್ರಮ್ಮರ್ ಸ್ನೇರ್ ಗಟ್ಟಿ ಮಾಡಿದರೆ ಅವರ ಮುಖ ಸಪ್ಪಗಾಗುತ್ತದೆ. ಡೆಮೊ ರೆಕಾರ್ಡ್ ಮಾಡಿದೆವು. ಪಾತ್ರೆ ಅಂಗಡಿಯ ಅಟ್ಟ ಕುಸಿದ ಹಾಗೆ ಕೇಳುತ್ತದೆ. ಹಾರ್ನ್‌ಗಳ (ಊದುವ ವಾದ್ಯಗಳ) ಜೊತೆ ತಮಾ ಅಪಶ್ರುತಿ. ಕೀಬೋರ್ಡ್‌ನವನು ‘ಎಲ್ಲವನ್ನೂ ಗ್ರಿಡ್‌ಗೆ ಕ್ವಾಂಟೈಸ್ ಮಾಡಿಬಿಡೋಣ’ ಅನ್ನುತ್ತಾನೆ, ಅಂದರೆ ಪ್ರತಿ ಪೆಟ್ಟನ್ನೂ ಸಾಫ್ಟ್‌ವೇರ್‌ನಲ್ಲಿ ಸಮಾನ ಅಂತರಕ್ಕೆ ಎಳೆದು ಕೂರಿಸುವುದು. ಗಾಯಕಿ ‘ಸೋಲ್ ಬಂದದ್ದೇ ಪಶ್ಚಿಮ ಆಫ್ರಿಕಾದಿಂದ, ತಾನಾಗೇ ಹೊಂದಿಕೊಳ್ಳುತ್ತೆ’ ಅನ್ನುತ್ತಾಳೆ. ಆಕೆ ಎರಡು ಸಾಲು ಸೆನೆಗಲ್‌ನ ವೊಲೊಫ್ ಭಾಷೆಯಲ್ಲೂ ಹಾಡುತ್ತಾಳೆ. ಒಂದು ಹಾಡಿಗೆ ಅವರ ಬಾಕ್ಕ್ (ಮೊದಲೇ ಕಟ್ಟಿಟ್ಟ ಸಬಾರ್ ನುಡಿ) ಒಂದನ್ನು ಹಾರ್ನ್‌ಗೆ ಎತ್ತಿಕೊಂಡಿದ್ದೇವೆ. ಅದಕ್ಕೆ ಹೆಸರು, ಹಣ ಹೇಗೆ ಕೊಡಬೇಕೋ ಗೊತ್ತಿಲ್ಲ. ನಾವು ತಪ್ಪುತ್ತಿರುವುದು ಎಲ್ಲಿ?

ಉತ್ತರ: ನಿಮ್ಮ ದೂರು ಮೂರು. ಸಮ ತಪ್ಪುತ್ತಿದೆ, ರೆಕಾರ್ಡಿಂಗ್ ಕಲಸುಮೇಲೋಗರವಾಗಿದೆ, ತಮಾ ಶ್ರುತಿಗೆ ಕೂರುತ್ತಿಲ್ಲ. ಮೊದಲೆರಡರ ಬೇರು ಒಂದೇ. ನಿಮ್ಮ ಬ್ಯಾಂಡ್‌ನಲ್ಲಿ ಈಗ ಕಾಲ ಹಿಡಿಯುವವರು ಎರಡು ಕಡೆ ಇದ್ದಾರೆ: ಡ್ರಮ್ ಸೆಟ್ಟಿನಲ್ಲಿ ಒಬ್ಬರು, ಸಬಾರ್ ಕಡೆ ಇನ್ನೊಬ್ಬರು. ಒಂದು ಒರೆಯಲ್ಲಿ ಎರಡು ಕತ್ತಿ ಹಿಡಿಸುವುದಿಲ್ಲ. ಯಾರೂ ಕೆಟ್ಟದಾಗಿ ನುಡಿಸುತ್ತಿಲ್ಲ. ಒಂದೇ ಕೆಲಸಕ್ಕೆ ಇಬ್ಬರನ್ನು ಕೂರಿಸಿದ್ದೀರಿ, ಅಷ್ಟೆ. ತಮಾದ ತೊಂದರೆ ಬೇರೆ ಬಗೆಯದು, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಗಾಯಕಿಯ ಮಾತು. ಅದು ಅರ್ಧ ನಿಜ. ಸೆನೆಗಾಂಬಿಯಾ ಕರಾವಳಿಯಿಂದ ಗುಲಾಮರಾಗಿ ಹಡಗು ಹತ್ತಿದವರ ಹಾಡುಗಾರಿಕೆಯ ನೆನಪು, ತಂತಿವಾದ್ಯದ ನೆನಪು ಅಮೆರಿಕದ ದಕ್ಷಿಣದಲ್ಲಿ ಉಳಿದುಕೊಂಡಿತು. ವೊಲೊಫರ ಐದು ತಂತಿಯ ಖಲಾಮ್ ಪಕ್ಕದಲ್ಲಿ ಬ್ಯಾಂಜೊ ಇಟ್ಟು ನೋಡಿದರೆ ಹೋಲಿಕೆ ಕಣ್ಣಿಗೇ ಕಾಣುತ್ತದೆ. ಆದರೆ ಚರ್ಮವಾದ್ಯಗಳ ಮೇಳ ಹಾಗೇ ಸಮುದ್ರ ದಾಟಲಿಲ್ಲ. 1739ರಲ್ಲಿ ಗುಲಾಮರು ಎದ್ದ ಸ್ಟೋನೊ ದಂಗೆಯ ಮರುವರ್ಷ ಸೌತ್ ಕೆರೊಲೈನಾ ತಂದ ಕಾಯಿದೆ ಗುಲಾಮರು ಡೋಲು ಇಟ್ಟುಕೊಳ್ಳುವುದನ್ನೇ ನಿಷೇಧಿಸಿತು. ಎರಡನೇ, ನಾಲ್ಕನೇ ಎಣಿಕೆಗಳ ಮೇಲೆ ಬೀಳುವ ಸ್ನೇರ್, ‘ಒಂದ’ನ್ನು ಎಲ್ಲರೂ ಸೇರಿ ಗುದ್ದುವ ಜೇಮ್ಸ್ ಬ್ರೌನ್ ಪದ್ಧತಿ, ಇವೆಲ್ಲ ಅಮೆರಿಕದ ಚರ್ಚು, ಮೆರವಣಿಗೆ ಬ್ಯಾಂಡು, ಕ್ಲಬ್ಬುಗಳಲ್ಲೇ ಬೆಳೆದವು. ಸಂಬಂಧಿಕರು ಹೌದು, ಆದರೆ ಸುಮಾರು ಮುನ್ನೂರು ವರ್ಷ ಬೇರೆ ಮನೆಯಲ್ಲಿ ಬೆಳೆದವರು. ತಾನಾಗೇ ಹೊಂದಿಕೊಳ್ಳುತ್ತದೆ ಎಂದು ಕಾಯುತ್ತ ಕೂತರೆ ಹೊಂದುವುದಿಲ್ಲ.

ಇದನ್ನು ಕೂತು ಹೊಂದಿಸಿದವರು ಸೆನೆಗಲ್ ರಾಜಧಾನಿ ಡಕಾರ್‌ನಲ್ಲಿದ್ದರು. 1960ರಲ್ಲಿ ಸೆನೆಗಲ್ ಸ್ವತಂತ್ರವಾದಾಗ ಅಲ್ಲಿನ ಕ್ಲಬ್ಬುಗಳಲ್ಲಿ ಮೊಳಗುತ್ತಿದ್ದದ್ದು ಕ್ಯೂಬಾದ ಸಂಗೀತ. ಸ್ಟಾರ್ ಬ್ಯಾಂಡ್‌ನಂಥ ತಂಡಗಳು ಸ್ಪ್ಯಾನಿಷ್‌ನಲ್ಲೇ ಹಾಡುತ್ತಿದ್ದವು. 1969ರಲ್ಲಿ ಶುರುವಾದ ಖಲಾಮ್ (ವಾದ್ಯದ್ದೇ ಹೆಸರಿನ ತಂಡ) ಜಾಜ್, ಫಂಕ್‌ಗಳನ್ನು ಊರ ಲಯಗಳ ಜೊತೆ ಬೆರೆಸಿತು. ಎಪ್ಪತ್ತರ ದಶಕದ ನಡುವೆ ಹುಟ್ಟಿದ ಸೂಪರ್ ಜಾಮೊನೊ ಬ್ಲೂಸ್, ರೆಗ್ಗೆ, ಫಂಕ್ ಎಲ್ಲವನ್ನೂ ಒಳಗೆ ಬಿಟ್ಟುಕೊಂಡಿತು. ಎಪ್ಪತ್ತರ ದಶಕದ ಕೊನೆಗೆ ಎತ್ವಾಲ್ ದ ಡಕಾರ್ ಜೊತೆ ಯೂಸು ಎನ್‌ದೂರ್ ಸಬಾರ್ ಮತ್ತು ತಮಾಗಳನ್ನು ಮುಂದಕ್ಕೆ ತಂದು, ವೊಲೊಫ್‌ನಲ್ಲಿ ಹಾಡಿ, ಆ ಶೈಲಿಗೆ ಮ್ಬಲಾಖ್ ಎಂಬ ಹೆಸರು ನೆಲೆಗೊಳಿಸಿದರು. ಅವರೆಲ್ಲರ ದಾರಿ ಬೇರೆ ಬೇರೆಯಾದರೂ ಮ್ಬಲಾಖ್ ಹಾಡುಗಳಲ್ಲಿ ಒಂದು ವಿಷಯ ಸ್ಪಷ್ಟವಾಗಿ ಕೇಳುತ್ತದೆ. ಸಬಾರ್ ಅಲ್ಲಿ ಮೇಲೆ ಉದುರಿಸಿದ ಕೊತ್ತಂಬರಿಯಲ್ಲ. ಸಬಾರ್‌ನ ಒಂದೊಂದು ಎಳೆಯನ್ನು ಗಿಟಾರ್, ಕೀಬೋರ್ಡ್, ಬೇಸ್‌ಗೆ ಹಂಚಿರುತ್ತಾರೆ. ಡ್ರಮ್ ಸೆಟ್ ಯಜಮಾನಿಕೆ ಬಿಟ್ಟುಕೊಟ್ಟಿರುತ್ತದೆ. ನಿಮ್ಮ ತಂಡದಲ್ಲಿ ಇನ್ನೂ ಆಗದೆ ಉಳಿದಿರುವುದು ಇದೇ.

ವೊಲೊಫ್‌ನಲ್ಲಿ ಮ್ಬಲಾಖ್ ಎಂದರೆ ‘ಪಕ್ಕವಾದ್ಯದ ನುಡಿ’. ಸಬಾರ್ ಎನ್ನುವುದು ಒಂದು ವಾದ್ಯವಲ್ಲ, ಒಂದು ಕುಟುಂಬ. ಉದ್ದನೆಯ ನ್ದೇರ್ ಮುಂದಾಳು. ನಡು ಎತ್ತರದ ಮ್ಬಂಗ್-ಮ್ಬಂಗ್ ಮ್ಬಲಾಖ್ ನುಡಿಯನ್ನು ಬಿಡದೆ ಹಿಡಿದಿರುತ್ತದೆ. ಹೊಟ್ಟೆ ದಪ್ಪಗಿರುವ, ತಳ ಮುಚ್ಚಿದ ಚೋಲ್ ಮಂದ್ರದ್ದು. ನ್ದೇರ್ ಮತ್ತು ಮ್ಬಂಗ್-ಮ್ಬಂಗ್‌ಗಳ ತಳ ತೆರೆದಿರುತ್ತದೆ. ಎಲ್ಲಕ್ಕೂ ಮೇಕೆ ಚರ್ಮ. ಒಂದು ಬರಿಗೈ, ಇನ್ನೊಂದು ಕೈಯಲ್ಲಿ ಗಲಾನ್ ಎಂಬ ತೆಳು ಕಡ್ಡಿ. ಯಾರಾದರೂ ‘ಸಬಾರ್ ಸಿಗದಿದ್ದರೆ ಜೆಂಬೆ ಹಾಕಿ, ಎರಡೂ ಆಫ್ರಿಕಾದ್ದೇ’ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಜೆಂಬೆ ಮಂಡೆ ಜನರ ವಾದ್ಯ, ಎರಡೂ ಬರಿಗೈಯಲ್ಲಿ ನುಡಿಸುವಂಥದ್ದು. ಕಡ್ಡಿಯ ಚುರುಕು ಪೆಟ್ಟಿಲ್ಲದೆ ಸಬಾರ್‌ನ ಮಾತಿಗೆ ವ್ಯಂಜನವೇ ಇರುವುದಿಲ್ಲ. ಮೃದಂಗದ ಬದಲು ಡೋಲಕ್ ಇಟ್ಟು ಕಛೇರಿ ಮಾಡಿದ ಹಾಗೆ ಆಗುತ್ತದೆ.

ಈಗ ಸಮ ತಪ್ಪುವ ವಿಷಯ. ಫಂಕ್ ಕೇಳಿ ಬೆಳೆದ ಕಿವಿ ‘ಅತಿ ಜೋರಾದ ಪೆಟ್ಟು ಎಲ್ಲಿದೆಯೋ ಅಲ್ಲೇ ಒಂದು’ ಎಂದು ಲೆಕ್ಕ ಹಾಕುತ್ತದೆ. ಮ್ಬಲಾಖ್‌ನಲ್ಲಿ ಭಾರದ ಪೆಟ್ಟುಗಳು ಬಹುಮಟ್ಟಿಗೆ ಎಣಿಕೆಗಳ ನಡುವೆ, ಸಮಕ್ಕೆ ಸ್ವಲ್ಪ ಮುಂಚೆ ಬೀಳುತ್ತವೆ. ಸಮವನ್ನು ಖಾಲಿ ಬಿಡುವುದೇ ಅದರ ಸೊಗಸು. ನಿಮ್ಮ ಕಿವಿ ಆ ಪೆಟ್ಟನ್ನೇ ಸಮ ಅಂದುಕೊಂಡು ಅರ್ಧ ಎಣಿಕೆ ಸರಿಯುತ್ತದೆ, ಡ್ರಮ್ಮರ್ ಇನ್ನೊಂದು ಕಡೆ ಸರಿಯುತ್ತಾನೆ. ನಾಲ್ಕನೇ ಆವರ್ತಕ್ಕೆ ಎಲ್ಲರ ‘ಒಂದೂ’ ಬೇರೆ ಬೇರೆ. ನಿಮಗೆ ಇದು ಹೊಸದಾಗಬಾರದು. ಅನಾಗತ ಎಡುಪಿನ (ಸಮ ದಾಟಿದ ಮೇಲೆ ಶುರುವಾಗುವ) ಕೃತಿಗೆ ಮೃದಂಗ ನುಡಿಸುವಾಗ ಹಾಡು ಎಲ್ಲಿಂದಾದರೂ ಶುರುವಾಗಲಿ, ಕೈ ತಾಳವನ್ನು ಬಿಡುವುದಿಲ್ಲ ಅಲ್ಲವೆ? ಇಲ್ಲಿ ಆ ತಾಳ ಹಾಕುವುದು ಕೈಯಲ್ಲ, ಕುಣಿಯುವವರ ಕಾಲು. ಸಬಾರ್ ಕೂಟದಲ್ಲಿ ಕುಣಿಯುವವರು ವೃತ್ತದೊಳಗೆ ನುಗ್ಗಿ ಕೆಲವೇ ಕ್ಷಣ ಹಾರಿ ಹಿಂದಿರುಗುತ್ತಾರೆ; ನ್ದೇರ್ ನುಡಿಸುವವರ ಕಣ್ಣು ಪೂರ್ತಿ ಆ ಕಾಲಿನ ಮೇಲಿರುತ್ತದೆ.

ಹೀಗೆ ಮಾಡಿ. ಮುಂದಿನ ಪ್ರಾಕ್ಟೀಸ್‌ಗೆ ಡ್ರಮ್ ಸೆಟ್, ಗಿಟಾರ್, ಹಾರ್ನ್ ಎಲ್ಲ ಬದಿಗಿರಲಿ. ಮ್ಬಂಗ್-ಮ್ಬಂಗ್ ಒಂದನ್ನೇ ಎರಡು ನಿಮಿಷ ನುಡಿಸಿ ಎಂದು ಕೇಳಿ. ತಮಾ ಕಲಾವಿದರು ನುಡಿಸದೆ ಬರೀ ಹೆಜ್ಜೆ ಹಾಕಲಿ. ನಿಮ್ಮವರೆಲ್ಲ ಆ ಹೆಜ್ಜೆ ನೋಡಿಕೊಂಡು ಕಾಲು ತಟ್ಟಲಿ, ಪೆಟ್ಟು ಕೇಳಿಕೊಂಡಲ್ಲ. ಇದನ್ನು ಫೋನಿನಲ್ಲಿ ವೀಡಿಯೊ ಮಾಡಿಕೊಳ್ಳಿ, ಕಾಲು ಕಾಣಬೇಕು. ಪ್ರತಿಯೊಬ್ಬರೂ ವಾರ ಪೂರ್ತಿ ದಿನಕ್ಕೆ ಹತ್ತು ನಿಮಿಷ ಅದರ ಜೊತೆ ನಡೆದಾಡಲಿ. ಮುಂದಿನ ವಾರ ಕಣ್ಣು ಮುಚ್ಚಿ ತಟ್ಟಿಸಿ. ಏಳರಲ್ಲಿ ಐದು ಜನ ಎರಡು ನಿಮಿಷ ಜಾರದೆ ನಿಂತರೆ ಮಾತ್ರ ವಾದ್ಯ ಕೈಗೆತ್ತಿಕೊಳ್ಳಿ. ಬೇಸರದ ಕೆಲಸವೇ. ಆದರೆ ಇದನ್ನು ಬಿಟ್ಟು ಮುಂದೆ ಹೋದ ಬ್ಯಾಂಡ್‌ಗಳು ಆರು ತಿಂಗಳಾದ ಮೇಲೂ ಅದೇ ನಾಲ್ಕನೇ ಆವರ್ತದಲ್ಲಿ ಎಡವುತ್ತಿರುತ್ತವೆ.

ಪಾತ್ರೆ ಅಂಗಡಿಯ ಸದ್ದಿಗೆ ಕಾರಣ ಇನ್ನೂ ಸಣ್ಣ ಅಳತೆಯಲ್ಲಿದೆ. ನಿಮಿಷಕ್ಕೆ 120 ಎಣಿಕೆಯಲ್ಲಿ ಒಂದು ಎಣಿಕೆಗೆ 500 ಮಿಲಿಸೆಕೆಂಡ್. ಅದನ್ನು ಚತುರಶ್ರವಾಗಿ ನಾಲ್ಕು ಮಾಡಿದರೆ ತಲಾ 125, ತಿಶ್ರವಾಗಿ ಮೂರು ಮಾಡಿದರೆ ಸುಮಾರು 167. ಸಬಾರ್ ಪೆಟ್ಟುಗಳ ಅಂತರ ಎಷ್ಟೋ ಸಲ ಈ ಎರಡರ ನಡುವೆ ಎಲ್ಲೋ ಇರುತ್ತದೆ, ಅದೂ ಸಮಸಮವಾಗಿರುವುದಿಲ್ಲ. ಚತುರಶ್ರ ನಡೆಯೋ ತಿಶ್ರ ನಡೆಯೋ ಎಂದು ಹೇಳಲಾಗದ ಆ ಎಳೆತವೇ ಮ್ಬಲಾಖ್‌ನ ನಡಿಗೆ. ಫಂಕ್ ಡ್ರಮ್ಮರ್ ಸ್ನೇರ್ ಮೇಲೆ ಮೆಲ್ಲಗೆ ಉದುರಿಸುವ ಗೋಸ್ಟ್ ನೋಟ್‌ಗಳು ಅಚ್ಚುಕಟ್ಟಾಗಿ 125ಕ್ಕೆ ಬೀಳುತ್ತವೆ. ಪಕ್ಕದಲ್ಲೇ ಸಬಾರ್ ಕಡ್ಡಿ 15–25 ಮಿಲಿಸೆಕೆಂಡ್ ತಡವಾಗಿ ಬಿದ್ದರೆ ಕಿವಿಗೆ ಅದು ಎರಡು ಲಯವಾಗಿ ಕೇಳುವುದಿಲ್ಲ, ಒಂದೇ ಪೆಟ್ಟು ಒಡೆದಂತೆ ಕೇಳುತ್ತದೆ. ಒಂದು ಆವರ್ತದಲ್ಲಿ ಇಂಥವು ಹತ್ತಾದರೆ ಅದೇ ನಿಮ್ಮ ಪಾತ್ರೆ ಅಂಗಡಿ.

ಆದ್ದರಿಂದ ಕ್ವಾಂಟೈಸ್ ಬೇಡ. ಸಬಾರ್ ಅನ್ನು ಗ್ರಿಡ್‌ಗೆ ಎಳೆದರೆ ಒಡಕು ಹೋಗುತ್ತದೆ, ಜೊತೆಗೆ ಮ್ಬಲಾಖ್ ಕೂಡ ಹೋಗುತ್ತದೆ; ಉಳಿಯುವುದು ಫೋನಿನ ರಿಂಗ್‌ಟೋನ್. ಕೀಬೋರ್ಡ್‌ನವರಿಗೆ ಸಾಫ್ಟ್‌ವೇರ್ ಕೆಲಸ ಬೇಕೇ ಬೇಕು ಅಂದರೆ ತಿರುಗಿಸಿ ಮಾಡಲಿ. ಮ್ಬಂಗ್-ಮ್ಬಂಗ್ ಟ್ರ್ಯಾಕ್‌ನಿಂದ ಗ್ರೂವ್ ಟೆಂಪ್ಲೇಟ್ (ಪೆಟ್ಟುಗಳ ಅಂತರದ ಅಚ್ಚು) ತೆಗೆದು, ಹೈ-ಹ್ಯಾಟ್ ಮತ್ತು ಕೀಬೋರ್ಡ್‌ಗಳನ್ನು ಅದಕ್ಕೆ ಸರಿಸಲಿ, ಪೂರ್ತಿ ನೂರಲ್ಲ, 60–70 ಪ್ರತಿಶತ ಸಾಕು. ಕ್ಲಿಕ್ (ಕಾಲ ತೋರಿಸುವ ಟಿಕ್ ಸದ್ದು) ಬೇಕಾದರೆ ಎಣಿಕೆಗೊಂದರಂತೆ ಮಾತ್ರ, ಡ್ರಮ್ಮರ್‌ನ ಒಂದೇ ಕಿವಿಗೆ. ಸಬಾರ್ ಕಲಾವಿದರಿಗೆ ಹದಿನಾರರ ಕ್ಲಿಕ್ ಕೇಳಿಸುವುದು ನಡೆಯುವವನ ಕಾಲಿಗೆ ಹಗ್ಗ ಕಟ್ಟಿದ ಹಾಗೆ.

ಈಗ ಯಾರ ಕೈಯಲ್ಲಿ ಕಾಲ? ಮೂರು ದಾರಿಗಳಿವೆ.

ಒಂದು, ಡ್ರಮ್ ಸೆಟ್ ಕೈಯಲ್ಲೇ ಬಿಡುವುದು. ನಿಮಿಷಕ್ಕೆ 100–110ರ ಫಂಕ್, ಅದರ ಮೇಲೆ ಒಂದೇ ಒಂದು ಮ್ಬಂಗ್-ಮ್ಬಂಗ್, ಆಗಾಗ ತಮಾ. ನ್ದೇರ್ ಇಲ್ಲ. ಕೇಳುವವರಿಗೆ ಸುಲಭ, ಮಿಕ್ಸ್ ಕೂಡ ಸಲೀಸು. ಅಪಾಯ ಏನೆಂದರೆ ವೇಗ ಇಳಿದಷ್ಟೂ ಸಬಾರ್ ಪೆಟ್ಟುಗಳ ನಡುವೆ ಗಾಳಿ ತುಂಬಿಕೊಳ್ಳುತ್ತದೆ, ಆ ಕಲಾವಿದರು ಕೈ ಕಟ್ಟಿದಂತೆ ನುಡಿಸುತ್ತಾರೆ, ಎರಡು ತಿಂಗಳಲ್ಲಿ ಬೇಜಾರಾಗಿ ಬಿಟ್ಟುಹೋಗುತ್ತಾರೆ. ಆಮೇಲೆ ನಿಮ್ಮದು ಮತ್ತೆ ಮಾಮೂಲಿ ಫಂಕ್ ಬ್ಯಾಂಡ್.

ಎರಡು, ಹಾಡನ್ನು ಭಾಗ ಮಾಡುವುದು. ಪಲ್ಲವಿ-ಚರಣ ಪೂರ್ತಿ ಸೋಲ್, ಸಬಾರ್ ಮೌನ ಅಥವಾ ಬರೀ ಚೋಲ್. ನಡುವೆ ಬ್ರೇಕ್ ಬಂದಾಗ ಸಬಾರ್ ಬಾಕ್ಕ್ ಹೊಡೆದು ಒಳಗೆ ಬರುತ್ತದೆ, ಆಗ ಡ್ರಮ್ ಸೆಟ್ ಸುಮ್ಮನಾಗುತ್ತದೆ. ಹೊಸಬರಿಗೆ ಅತ್ಯಂತ ಸುರಕ್ಷಿತ ದಾರಿ ಇದು. ಎಡವುವುದು ಒಳಗೆ ಬರುವಲ್ಲಲ್ಲ, ಹಿಂದಿರುಗುವಲ್ಲಿ. ಬಾಕ್ಕ್ ಮುಗಿಯುವ ಜಾಗ ನಿಮ್ಮ ನಾಲ್ಕು-ಎಂಟು ಬಾರ್‌ಗಳ ಲೆಕ್ಕಕ್ಕೆ ಸಿಗದೆ ಹೋಗಬಹುದು. ಅದನ್ನು ಎಂಟಕ್ಕೆ ಕತ್ತರಿಸಬೇಡಿ, ನಿಮ್ಮ ಬಾರ್‌ಗಳನ್ನು ಬಾಕ್ಕ್‌ಗೆ ಕತ್ತರಿಸಿ.

ಮೂರು, ಕಾಲವನ್ನು ಸಬಾರ್‌ಗೆ ಒಪ್ಪಿಸಿ, ಸೋಲ್‌ನಿಂದ ಹಾಡುಗಾರಿಕೆ, ಕಾರ್ಡ್‌ಗಳು, ಹಾರ್ನ್‌ಗಳನ್ನು ಮಾತ್ರ ತೆಗೆದುಕೊಳ್ಳುವುದು. ನನ್ನ ಓಟು ಇದಕ್ಕೆ. ವೇಗ 120ಕ್ಕಿಂತ ಕೆಳಗೆ ಬೇಡ. ಡ್ರಮ್ಮರ್ ಎರಡು-ನಾಲ್ಕರ ಸ್ನೇರ್ ಪೂರ್ತಿ ಬಿಡಬೇಕು. ಮುಚ್ಚಿದ ಹೈ-ಹ್ಯಾಟ್ ಮೇಲೆ ಎಣಿಕೆಗೆ ಎರಡು, ಸ್ನೇರ್‌ನ ಅಂಚಿಗೆ ಕಡ್ಡಿ ಅಡ್ಡ ಇಟ್ಟು ಮೂರರ ಮೇಲೆ ಒಂದೇ ಟಕ್. ಹೀಗೆ ಮಾಡಿದರೆ ಕೆಳಗೆ ಸಬಾರ್ 128ರಲ್ಲಿ ಓಡುತ್ತಿದ್ದರೂ ಮೇಲೆ ಹಾಡು 64ರ ನಿಧಾನಗತಿಯ ಸೋಲ್ ಆಗಿ ಕೇಳುತ್ತದೆ. ಗಾಯಕಿಗೆ ಉಸಿರು ಸಿಗುತ್ತದೆ, ನ್ದೇರ್‌ಗೆ ಮಾತಾಡಲು ಜಾಗ ಸಿಗುತ್ತದೆ. ಇದರ ಅಪಾಯ ನಿಮ್ಮ ಡ್ರಮ್ಮರ್‌ನ ಅಹಂ. ಕೈಯಲ್ಲಿ ಇಷ್ಟು ವಿದ್ಯೆ ಇಟ್ಟುಕೊಂಡು ಬರೀ ಟಕ್ ಅನ್ನಿಸಬೇಕೇ ಎಂದು ಅವರು ಕೇಳುವುದು ಸಹಜ. ಬಾಕ್ಕ್ ಬಂದಾಗ ಅದನ್ನು ಸಬಾರ್ ಜೊತೆ ಟಾಮ್‌ಗಳ ಮೇಲೆ ಪಡಿಯಚ್ಚಾಗಿ ನುಡಿಸುವ ಕೆಲಸ ಅವರಿಗೇ ಕೊಡಿ. ಅದಕ್ಕೆ ವಿದ್ಯೆ ಬೇಕಾದಷ್ಟು ಬೇಕು.

ನಿಮ್ಮ ಬೇಸ್‌ಗೆ ಬರೋಣ, ಯಾಕೆಂದರೆ ಹೆಚ್ಚಿನ ಹೊಣೆ ಅದರದ್ದೇ. ಮೂರನೇ ದಾರಿಯಲ್ಲಿ ಸಮದ ಮೇಲೆ ಷಡ್ಜ ಗುದ್ದುವ ಫಂಕ್ ಅಭ್ಯಾಸ ಮೊದಲು ಬಿಡಬೇಕು. ನಾಲ್ಕನೇ ಎಣಿಕೆಯ ಅರ್ಧದಲ್ಲಿ ಒಂದು ಸ್ವರ ಹಿಡಿದು, ಸಮ ದಾಟಿಸಿ, ಎರಡರ ಹತ್ತಿರ ಬಿಡಿ. ಮೊದಲ ವಾರ ಇದೊಂದೇ ಸ್ವರ, ಬೇರೇನೂ ಬೇಡ. ಕಾಲು ಸಮದಲ್ಲಿ, ಕೈ ಸಮಕ್ಕೆ ಮುಂಚೆ. ಎರಡನೇ ವಾರ ಎರಡೂವರೆಯಲ್ಲಿ ಪಂಚಮ ಸೇರಿಸಿ. ಮೂರನೇ ಸ್ವರ ಸೇರಿಸುವ ಮುನ್ನ ಮ್ಬಂಗ್-ಮ್ಬಂಗ್ ನುಡಿಸುವವರ ಮುಖ ನೋಡಿ. ಅವರು ಕತ್ತು ಅಲ್ಲಾಡಿಸುತ್ತಿದ್ದರೆ ಮುಂದುವರಿಯಿರಿ, ನಿಮ್ಮನ್ನೇ ದಿಟ್ಟಿಸುತ್ತಿದ್ದರೆ ತೆಗೆದುಹಾಕಿ. ಮಂದ್ರದಲ್ಲಿ ಇನ್ನೊಂದು ಜಗಳವಿದೆ. ನಿಮ್ಮ ದಪ್ಪ ತಂತಿಯ ಸ್ವರ 41 ಹರ್ಟ್ಸ್, ಅದರ ಮುಂದಿನದು 55. ಚೋಲ್‌ನ ಗುಮ್ಮು, ಕಿಕ್ ಡ್ರಮ್, ನಿಮ್ಮ ಬೇಸ್ ಮೂರೂ 60ರಿಂದ 120ರ ನಡುವೆ ಒಂದೇ ಬೆಂಚಿನ ಮೇಲೆ ಕೂರಲು ನೋಡುತ್ತವೆ. ಎಪ್ಪತ್ತಕ್ಕಿಂತ ಕೆಳಗೆ ಬೇಸ್ ಒಬ್ಬಳದೇ ಎಂದು ತೀರ್ಮಾನಿಸಿ, ಚೋಲ್‌ಗೆ ಅದರ ಮೇಲಿನ ಜಾಗ ಬಿಡಿ, ಕಿಕ್‌ನೊಳಗೆ ದಿಂಬು ತುರುಕಿ ಚುಟುಕಾಗಿಸಿ. ಚೋಲ್ ಇಲ್ಲದ ಹಾಡುಗಳಲ್ಲಿ ಕಿಕ್‌ಗೆ ಬಿಡುಗಡೆ ಕೊಡಬಹುದು.

ಕೀಬೋರ್ಡ್ ಮತ್ತು ಗಿಟಾರ್ ವಿಷಯ ಬೇಗ ಮುಗಿಸುತ್ತೇನೆ. ಎಂಬತ್ತರ ದಶಕದಲ್ಲಿ ಯೂಸು ಎನ್‌ದೂರ್ ತಂಡದ ಬೇಸ್ ವಾದಕ ಹಬೀಬ್ ಫಾಯ್ ಮತ್ತು ಅವರ ಓರಗೆಯವರು ಕೀಬೋರ್ಡ್‌ನ ಮರಿಂಬಾ ಸ್ವರದಲ್ಲಿ ಸಬಾರ್ ನುಡಿಯನ್ನೇ ಹೆಣೆಯುವ ಪದ್ಧತಿ ಬೆಳೆಸಿದರು. 1983ರಲ್ಲಿ ಬಂದ ಯಮಾಹಾ ಡಿಎಕ್ಸ್7ನ ಒಣ, ಚುಟುಕು ಸ್ವರ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ನಿಮ್ಮವರು ರೋಡ್ಸ್ ಪಿಯಾನೊದ ಉದ್ದುದ್ದ ಕಾರ್ಡ್ ಹಿಡಿದರೆ ಸೋಲ್ ಘಮ ಬರುತ್ತದೆ, ಸಬಾರ್ ಮಾತ್ರ ಮಂಜಿನಲ್ಲಿ ಮುಳುಗುತ್ತದೆ. ಬಲಗೈಗೆ ಮರಿಂಬಾ, ಎಡಗೈಗೆ ಎರಡು ಬಾರ್‌ಗೊಂದು ಮೆಲುವಾದ ಕಾರ್ಡ್. ಮರಿಂಬಾ ಇದ್ದಾಗ ಗಿಟಾರ್‌ನ ‘ಚಕ-ಚಕ’ ನಿಲ್ಲಲಿ, ಎರಡೂ ಒಂದೇ ಸಂದಿಯಲ್ಲಿ ನುಸುಳುತ್ತವೆ. ಕಾರ್ಡ್‌ಗಳು ಎರಡು, ಹೆಚ್ಚೆಂದರೆ ನಾಲ್ಕು. ಸೋಲ್‌ನ ಹೊರಳುವ ಹನ್ನೆರಡು ಕಾರ್ಡ್‌ಗಳು ಇಲ್ಲಿ ದಂಡ.

ತಮಾ. ಕಂಕುಳಲ್ಲಿ ಒತ್ತಿಹಿಡಿಯುವ, ನಡು ಸಣ್ಣಗಿರುವ ವಾದ್ಯ; ಹಗ್ಗಗಳನ್ನು ತೋಳು ಹಿಂಡಿದಂತೆ ಸ್ವರ ಏರುತ್ತದೆ, ಒಂದು ಕೈಗೆ ಬಾಗಿದ ಕಡ್ಡಿ, ಇನ್ನೊಂದರ ಬೆರಳು. ಕೇರಳದ ಇಡಕ್ಕ ನೋಡಿದ್ದರೆ ತತ್ತ್ವ ಅದೇ. ‘ಮಾತಾಡುವ ಡೋಲು’ ಎಂಬ ಹೆಸರಿನಿಂದ ಒಂದು ತಪ್ಪು ತಿಳಿವಳಿಕೆ ಹರಡಿದೆ. ಯೊರುಬಾ ಭಾಷೆಯಲ್ಲಿ ಸ್ವರದ ಏರಿಳಿತದಿಂದ ಪದದ ಅರ್ಥವೇ ಬದಲಾಗುತ್ತದೆ, ಅಲ್ಲಿನ ಡೋಲು ಆ ಏರಿಳಿತವನ್ನು ನಕಲು ಮಾಡಿ ಅಕ್ಷರಶಃ ಮಾತಾಡುತ್ತದೆ. ವೊಲೊಫ್ ಅಂಥ ಭಾಷೆಯಲ್ಲ, ಅದರಲ್ಲಿ ಸ್ವರಭೇದದಿಂದ ಅರ್ಥಭೇದವಿಲ್ಲ. ಹಾಗಾಗಿ ತಮಾ ಯಾವುದೋ ವಾಕ್ಯ ಹೇಳುತ್ತಿದೆ, ಶ್ರುತಿ ಬದಲಿಸಿದರೆ ಅರ್ಥ ಕೆಡುತ್ತದೆ ಎಂಬ ಹೆದರಿಕೆ ಬೇಡ. ಶ್ರುತಿ ಬಗ್ಗೆ ಆ ಕಲಾವಿದರ ಜೊತೆ ಧೈರ್ಯವಾಗಿ ಮಾತಾಡಬಹುದು.

ಆದರೆ ತಮಾವನ್ನು ಟ್ಯೂನರ್‌ಗೆ ಕೂರಿಸಲು ಹೋಗಬೇಡಿ, ಜಾರುವುದೇ ಅದರ ಸ್ವಭಾವ. ತೋಳು ಸಡಿಲ ಬಿಟ್ಟಾಗ ಯಾವ ಸ್ವರ, ಹಾಯಾಗಿ ಒತ್ತಿದಾಗ ಯಾವ ಸ್ವರ ಎಂದು ಎರಡನ್ನು ಪಟ್ಟಿ ಮಾಡಿಕೊಳ್ಳಿ. ಕೆಳಗಿನದು ನಿಮ್ಮ ಷಡ್ಜವೋ ಪಂಚಮವೋ ಆಗುವಂತೆ ಹಾಡಿನ ಶ್ರುತಿಯನ್ನೇ ಸರಿಸಿ. ಕಾಲು ಸ್ವರ ಅತ್ತಿತ್ತ ಆದರೂ ಜಾರುವ ಸ್ವರವನ್ನು ಕಿವಿ ಕ್ಷಮಿಸುತ್ತದೆ. ಕಿವಿ ಕ್ಷಮಿಸದಿರುವುದು ಹಾರ್ನ್‌ಗಳು ಉದ್ದವಾಗಿ ಹಿಡಿದ ಸ್ವರದ ಮೇಲೆ ತಮಾ ಜಾರುವುದನ್ನು. ನಿಮ್ಮ ಅಪಶ್ರುತಿಯ ಮುಕ್ಕಾಲು ಪಾಲು ಅಲ್ಲಿಂದಲೇ ಬಂದಿರುತ್ತದೆ. ತಮಾ ಮಾತಾಡುವಾಗ ಹಾರ್ನ್ ಬಾಯಿ ಮುಚ್ಚಿರಲಿ, ಹಾರ್ನ್ ಹಿಡಿದಾಗ ತಮಾ ಕೆಳಗಿನ ಒಂದೇ ಸ್ವರದಲ್ಲಿ ಚಿಟಿಕೆ ಹಾಕಲಿ. ಎಪ್ಪತ್ತು-ಎಂಬತ್ತರ ದಶಕದಲ್ಲಿ ಯೂಸು ಜೊತೆ ತಮಾ ನುಡಿಸಿದ ಅಸ್ಸಾನ್ ಚಾಮ್ ಅವರ ನುಡಿಸಾಣಿಕೆ ಕೇಳಿ. ಗಾಯಕನ ಸಾಲಿಗೂ ಸಾಲಿಗೂ ನಡುವಿನ ಸಂದಿಯಲ್ಲಿ ಹೇಗೆ ಒಳಬರುತ್ತಾರೆ ಎಂಬುದನ್ನು ಗಮನಿಸಿ.

ಅಂದಹಾಗೆ, ತಮಾಗೆ ಸಾಂಪ್ರದಾಯಿಕವಾಗಿ ಹಾಕುವುದು ಉಡದ ಚರ್ಮ, ನಮ್ಮ ಖಂಜಿರಕ್ಕೆ ಹಾಕುತ್ತಿದ್ದ ಹಾಗೆ. ಉಡದ ಜಾತಿಗಳೆಲ್ಲ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿವೆ. ಭಾರತದ ಕಾನೂನಂತೂ ಬಲು ಬಿಗಿ. ಬ್ಯಾಂಡ್ ಎಂದಾದರೂ ಗಡಿ ದಾಟಿ ಹೋಗುವುದಾದರೆ, ಮುಖ್ಯವಾಗಿ ಬೆಂಗಳೂರಿಗೆ ಬರುವುದಾದರೆ, ಮೇಕೆ ಚರ್ಮದ ತಮಾ ಒಂದನ್ನು ಬೇರೆಯಾಗಿ ಇಟ್ಟುಕೊಳ್ಳಿ. ಸ್ವರ ಕೊಂಚ ಮಂಕು, ಆದರೆ ಕಸ್ಟಮ್ಸ್ ಕೌಂಟರ್‌ನಲ್ಲಿ ವಾದ್ಯ ಕಳೆದುಕೊಳ್ಳುವುದಿಲ್ಲ.

ಚರ್ಮದ ಮಾತು ಬಂದಾಗ ಇನ್ನೊಂದು. ನ್ಯೂಜೆರ್ಸಿಯ ಚಳಿಗಾಲದಲ್ಲಿ ಹೀಟರ್ ಹಾಕಿದ ಕೋಣೆ ಒಣಗಿ ಬೆಂಡಾಗಿರುತ್ತದೆ. ಸಬಾರ್ ಚರ್ಮ ಬಿಗಿದು ಸ್ವರ ಏರುತ್ತದೆ, ಹಾಗೇ ಬಿಟ್ಟರೆ ಗೂಟದ ಬಳಿ ಸೀಳುತ್ತದೆ. ಬೇಸಿಗೆಯ ತೇವಕ್ಕೆ ಅದೇ ಚರ್ಮ ಒದ್ದೆ ಹಪ್ಪಳ. ಡಕಾರ್‌ನಲ್ಲಾದರೆ ಸಡಿಲಾದದ್ದನ್ನು ಬಿಸಿಲಿಗಿಟ್ಟು, ಗೂಟ ಬಡಿದು ಬಿಗಿ ಮಾಡುತ್ತಾರೆ. ನೀವು ಕೋಣೆಯ ತೇವಾಂಶವನ್ನು 40–50 ಪ್ರತಿಶತದಲ್ಲಿ ಇರಿಸಿ, ಕಾರಿನ ಡಿಕ್ಕಿಯಲ್ಲಿ ರಾತ್ರಿ ಬಿಡಬೇಡಿ. ಕೂದಲು ಒಣಗಿಸುವ ಡ್ರೈಯರ್ ಹಿಡಿದು ಬಿಗಿ ಮಾಡುವವರನ್ನು ಕಂಡರೆ ದೂರ ಓಡಿಸಿ. ಒಂದು ಜಾಗ ಮಾತ್ರ ಒಣಗಿ ಅಲ್ಲೇ ಹರಿಯುತ್ತದೆ. ಗೂಟ ಮುಟ್ಟುವುದು ಆ ಕಲಾವಿದರೇ ಆಗಿರಲಿ.

ಮುಂದಿನ ಡೆಮೊಗೆ ಸಬಾರ್, ಬೇಸ್, ಹೈ-ಹ್ಯಾಟ್ ಮೂರನ್ನು ಒಟ್ಟಿಗೆ, ಒಬ್ಬರಿಗೊಬ್ಬರು ಕಾಣುವಂತೆ ಕೂತು ರೆಕಾರ್ಡ್ ಮಾಡಿ, ಉಳಿದದ್ದೆಲ್ಲ ಆಮೇಲೆ. ಸಾಧ್ಯವಾದರೆ ನ್ದೇರ್‌ಗೆ ಬೇರೆ ಕೋಣೆ, ಗಾಜಿನಾಚೆ. ಅದರ ಕಡ್ಡಿಯ ಪೆಟ್ಟು ಎಲ್ಲರ ಮೈಕ್‌ಗೂ ನುಗ್ಗುತ್ತದೆ. ಮೇಲಿನ ಮುಖದಿಂದ ಸುಮಾರು 30 ಸೆಂಟಿಮೀಟರ್ ದೂರಕ್ಕೆ ಒಂದು ಡೈನಮಿಕ್ ಮೈಕ್. ತಳ ತೆರೆದಿರುವುದರಿಂದ ಕೆಳಗೆ ಇನ್ನೊಂದು ಇಟ್ಟರೆ ಅದರ ಪೊಲಾರಿಟಿ ತಿರುಗಿಸುವುದನ್ನು ಮರೆಯಬೇಡಿ. ಮರೆತರೆ ಎರಡೂ ಒಂದನ್ನೊಂದು ತಿಂದು, ನ್ದೇರ್ ರಟ್ಟಿನ ಪೆಟ್ಟಿಗೆಯಂತೆ ಕೇಳುತ್ತದೆ. ಚೋಲ್‌ಗೆ ತಳದ ಮೈಕ್ ದಂಡ, ತಳವೇ ಮುಚ್ಚಿದೆ. ಮಿಕ್ಸ್‌ನಲ್ಲಿ 2ರಿಂದ 5 ಕಿಲೊಹರ್ಟ್ಸ್ ನಡುವೆ ಗಾಯಕಿಯ ವ್ಯಂಜನ, ಸ್ನೇರ್, ನ್ದೇರ್ ಮೂರೂ ಇರುತ್ತವೆ. ಮೊದಲು ಸ್ನೇರ್ ತಗ್ಗಿಸಿ, ಆಮೇಲೂ ಸಾಲದಿದ್ದರೆ ಮಾತ್ರ ನ್ದೇರ್. ಕಿವಿಗೆ ಪ್ಲಗ್ ಎಲ್ಲರಿಗೂ ಕಡ್ಡಾಯ, ಸಣ್ಣ ಕೋಣೆಯಲ್ಲಿ ಸಬಾರ್ ಸದ್ದು ನಿಜಕ್ಕೂ ಕಿವಿ ಕೆಡಿಸುವಷ್ಟಿರುತ್ತದೆ.

ಗಾಯಕಿಯ ಆ ಎರಡು ವೊಲೊಫ್ ಸಾಲುಗಳ ಬಗ್ಗೆ ಒಂದು ಎಚ್ಚರಿಕೆ. ಕನ್ನಡದಲ್ಲಿ ‘ಬಳೆ’ಯನ್ನು ಎಳೆದರೆ ‘ಬಾಳೆ’ ಆಗುವಂತೆ ಅಲ್ಲೂ ಹ್ರಸ್ವ-ದೀರ್ಘದಿಂದ ಅರ್ಥ ಬದಲಾಗುತ್ತದೆ, ಒತ್ತಕ್ಷರದಿಂದಲೂ. ‘ಖೊಲ್’ ಎಂದರೆ ಹೃದಯ, ‘ಖೋಲ್’ ಎಂದರೆ ನೋಡು. ಸೋಲ್ ಶೈಲಿಯಲ್ಲಿ ಸಾಲಿನ ಕೊನೆಯನ್ನು ಎಳೆದೆಳೆದು ಹಾಡಿದರೆ ‘ನನ್ನ ಹೃದಯ’ ಎಂಬಲ್ಲಿ ಬೇರೇನೋ ಕೇಳುತ್ತದೆ, 116ನೇ ಬೀದಿಯವರು ನಗುತ್ತಾರೆ. ಎಳೆಯಬೇಕೆನಿಸಿದರೆ ದೀರ್ಘವಾಗೇ ಇರುವ ಸ್ವರದ ಮೇಲೆ ಎಳೆಯಲಿ, ಹ್ರಸ್ವ ಬಂದಲ್ಲಿ ಕೊನೆಯ ಲ್, ನ್, ಮ್‌ಗಳ ಮೇಲೆ ನಿಂತು ಗುನುಗಲಿ. ಇಂಗ್ಲಿಷ್ ಮಾತ್ರ ಬಲ್ಲವರಿಗಿಂತ ನೀವು ಇದನ್ನು ಬೇಗ ಹಿಡಿಯುತ್ತೀರಿ. ಪಕ್ಕ ನಿಂತು ತಿದ್ದಿ.

ಇನ್ನು ಬಾಕ್ಕ್. ಇದು ಆ ಕ್ಷಣಕ್ಕೆ ಹೊಳೆದ ತನಿಯಲ್ಲ. ಯಾರೋ ಕೂತು ಕಟ್ಟಿದ, ಬಾಯಿಪಾಠವಾದ ರಚನೆ. ಎಲ್ಲರೂ ಒಟ್ಟಿಗೆ ನುಡಿಸುತ್ತಾರೆ; ನಮ್ಮಲ್ಲಿ ಮುಕ್ತಾಯ ಕಟ್ಟುವುದಕ್ಕೆ ಹತ್ತಿರ. ಮೊದಲು ಬಾಯಲ್ಲಿ ಹೇಳಿಸಿಕೊಳ್ಳಿ. ನಮ್ಮ ಸೊಲ್ಲುಕಟ್ಟಿನಂತೆ ಅವರಿಗೂ ಪ್ರತಿ ಪೆಟ್ಟಿಗೆ ಬಾಯಿಮಾತಿದೆ: ಬರಿಗೈಯ ಗುಮ್ಮಿಗೆ ‘ಗಿನ್’, ಚಪ್ಪಳಿಸಿದ್ದಕ್ಕೆ ‘ಪಖ್’, ಹೀಗೆ. ನೀವು ಆ ಸೊಲ್ಲುಗಳನ್ನು ಕನ್ನಡದಲ್ಲಿ ಬರೆದು, ಕೆಳಗೆ ಕಾಲಿನ ಎಣಿಕೆ ಗುರುತು ಹಾಕಿ ಹಾರ್ನ್‌ನವರಿಗೆ ಹೇಳಿಕೊಟ್ಟರೆ ನೊಟೇಶನ್‌ಗಿಂತ ಬೇಗ ಕೂರುತ್ತದೆ. ಹದಿನಾರರ ಸ್ಟಾಫ್ ನೊಟೇಶನ್‌ನಲ್ಲಿ ಬರೆದ ತಕ್ಷಣ ಆ 125–167ರ ನಡುವಿನ ಎಳೆತ ಸತ್ತುಹೋಗುತ್ತದೆ, ಹಾರ್ನ್‌ನವರು ನೆಟ್ಟಗೆ ಓದಿಬಿಡುತ್ತಾರೆ.

ಬಾಕ್ಕ್‌ಗಳಿಗೆ ಒಡೆತನವೂ ಇದೆ. ಸಬಾರ್ ಗೇವೆಲ್ ಮನೆತನಗಳ ವಿದ್ಯೆ, ಅಂದರೆ ತಲೆಮಾರಿನಿಂದ ಹಾಡು, ವಂಶಕಥನ, ವಾದ್ಯ ನಡೆಸಿಕೊಂಡು ಬಂದವರದ್ದು. 2015ರಲ್ಲಿ ತೀರಿಕೊಂಡ ದೂದೂ ನ್ಜಾಯ್ ರೋಜ್ ಅವರ ತಂಡ ಬಹುಪಾಲು ಅವರ ಮಕ್ಕಳು-ಮೊಮ್ಮಕ್ಕಳಿಂದಲೇ ತುಂಬಿತ್ತು ಎಂದರೆ ಆ ಕಟ್ಟು ಹೇಗಿರುತ್ತದೆಂದು ಊಹಿಸಬಹುದು. ಹಳೆಯ ಬಾಕ್ಕ್ ಕೆಲವು ಎಲ್ಲರವೂ ಆಗಿರುತ್ತವೆ, ಕೆಲವು ಒಂದು ಮನೆಯವು. ಹೊರಗಿನವರಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಆದ್ದರಿಂದ ‘ಇದನ್ನು ಕಟ್ಟಿದವರು ಯಾರು?’ ಎಂದು ನೇರವಾಗಿ ಕೇಳಿ. ‘ಪಾರಂಪರಿಕ’ ಎಂದು ಬರೆದು ಕೈತೊಳೆದುಕೊಳ್ಳುವ ರೂಢಿ ಎಲ್ಲ ಕಡೆ ಇದೆ, ಅದಕ್ಕೆ ಬೀಳಬೇಡಿ. ಹಾರ್ನ್‌ಗಳು ಪೂರ್ತಿ ಬಾಕ್ಕ್ ನುಡಿಸುತ್ತಿದ್ದರೆ ಹಾಡಿನ ಮಧುರಭಾಗವೇ ಅದು. ಅದನ್ನು ಕೊಟ್ಟವರು ಸಹರಚನಕಾರರು, ರಾಯಲ್ಟಿಯಲ್ಲಿ ಪಾಲುದಾರರು. ದಿನದ ಸಂಭಾವನೆ ಬೇರೆ, ಈ ಪಾಲು ಬೇರೆ. ಒಂದೇ ಪುಟದಲ್ಲಿ ಹಾಡಿನ ಹೆಸರು, ಯಾರಿಗೆ ಎಷ್ಟು ಪಾಲು, ಕ್ರೆಡಿಟ್‌ನಲ್ಲಿ ಹೆಸರಿನ ಕಾಗುಣಿತ ಬರೆದು ರೆಕಾರ್ಡಿಂಗ್‌ಗೆ ಮೊದಲೇ ಎಲ್ಲರೂ ಸಹಿ ಹಾಕಿ. ಕಛೇರಿಯಲ್ಲಿ ಪ್ರೇಕ್ಷಕರು ಎದ್ದು ಬಂದು ಸಬಾರ್‌ನವರ ಕೈಗೆ ನೋಟು ಕೊಡುವುದು ಅವರಲ್ಲಿ ವಾಡಿಕೆ. ಅದು ನುಡಿಸಿದವರದ್ದು, ಬ್ಯಾಂಡ್ ಖಾತೆಗೆ ಸೇರಿಸಲು ಹೋಗಬೇಡಿ.

‘ಇದು ನಮ್ಮ ಮನೆಯದು, ಹಾರ್ನ್‌ಗೆ ಬೇಡ’ ಅಂದರೆ ಚೌಕಾಸಿ ಮಾಡದೆ ಬಿಟ್ಟುಬಿಡಿ. ಬದಲಿಗೆ ನಿಮ್ಮ ಹಾಡಿಗೇ ಹೊಸದೊಂದು ಕಟ್ಟಿಕೊಡುತ್ತೀರಾ ಎಂದು ಕೇಳಿ, ಅದಕ್ಕೆ ಪ್ರತ್ಯೇಕ ಸಂಭಾವನೆ ಮಾತಾಡಿ. ಮುಗಿಯುವ ಜಾಗ ನಿಮ್ಮ ಪಲ್ಲವಿಯ ಎಡುಪಿಗೆ ಸರಿಯಾಗಿ ಬೀಳಬೇಕು ಎಂದು ಮೊದಲೇ ಹೇಳಿ, ಪಲ್ಲವಿಯನ್ನು ಅವರೆದುರು ನಾಲ್ಕು ಸಲ ಹಾಡಿ ತೋರಿಸಿ. ರಂಜಾನ್ ತಿಂಗಳು ಬಿಟ್ಟು ದಿನ ಗೊತ್ತು ಮಾಡಿ, ಆಗ ಸಬಾರ್ ಸಾಮಾನ್ಯವಾಗಿ ನಿಂತಿರುತ್ತದೆ.